ಬೆಟ್ಟದ ಸರೋವರಕ್ಕೆ ಎಷ್ಟು ಡೇರೆ?

ಜುಲೈ ತಿಂಗಳಲ್ಲಿ ಎರಡು ರಾತ್ರಿ ಡೇರೆಯಲ್ಲಿ ಮಲಗುವುದಕ್ಕೆ ಜನವರಿಯಲ್ಲೇ ಜಾಗ ಕಾಯ್ದಿರಿಸಬೇಕು ಎಂದು ಮಗ ದೂರವಾಣಿಯಲ್ಲಿ ಹೇಳಿದಾಗ ನನಗೆ ನಗು ಬಂದಿತ್ತು. ಆತ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ನೆಲೆಸಿದ್ದಾನೆ. ಅಲ್ಲಿನ ಕನ್ನಡ ಕುಟುಂಬಗಳಿಗೆ ಬೇಸಿಗೆ ಬಂತೆಂದರೆ ಸಿಯೆರಾ ನೆವಾಡ ಪರ್ವತಶ್ರೇಣಿಯ ಟಾಹೊ ಸರೋವರಕ್ಕೆ ಹೋಗುವುದು, ಬೆಂಗಳೂರಿನವರು ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋದಷ್ಟೇ ಸಹಜ. ಗೋಡೆಯಿಲ್ಲದ, ಸೂರಿಲ್ಲದ ನಾಲ್ಕು ಗಜ ನೆಲಕ್ಕೆ ಆರು ತಿಂಗಳ ಮುಂಚಿನಿಂದ ಪೈಪೋಟಿಯೇ ಎಂದು ನಾನು ಕೇಳಿದೆ. ‘ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರಿನಲ್ಲಿ ಬಾಗಿಲು ತೆರೆಯುತ್ತದೆ ಅಪ್ಪ, ಎಂಟೂ ಹತ್ತಕ್ಕೆ ಎಲ್ಲ ಮುಗಿದಿರುತ್ತದೆ’ ಎಂದ. ಹೋಗಿ ಬಂದ ಮೇಲೆ ನನ್ನ ನಗು ಉಳಿಯಲಿಲ್ಲ.

ನಮ್ಮಲ್ಲಿ ಆಷಾಢದ ಮಳೆ ಹಿಡಿದಿರುವ ದಿನಗಳಲ್ಲಿ ಅಲ್ಲಿ ಒಣ ಬೇಸಿಗೆ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ, ಪೈನ್ ಮರಗಳ ಬೆಟ್ಟಗಳ ನಡುವೆ, 35 ಕಿಲೊಮೀಟರ್ ಉದ್ದ ಮತ್ತು 19 ಕಿಲೊಮೀಟರ್ ಅಗಲದ ನೀಲಿ ನೀರು. ಅದರ ಅತ್ಯಧಿಕ ಆಳ 501 ಮೀಟರ್. ಅಮೆರಿಕದಲ್ಲಿ ಇದಕ್ಕಿಂತ ಆಳವಾದ ಸರೋವರ ಇನ್ನೊಂದೇ ಇದೆ. ಮಕ್ಕಳು ದಡದ ಮರಳಿನಲ್ಲಿ ಆಡುತ್ತಾರೆ, ಹರೆಯದವರು ಹುಟ್ಟುದೋಣಿಯಲ್ಲಿ ತೇಲುತ್ತಾರೆ, ನನ್ನಂಥವರು ಮಂಡಿಯವರೆಗೆ ನೀರಿಗಿಳಿದು ಅದರ ಕೊರೆತ ತಾಳಲಾರದೆ ಹಿಂದಿರುಗುತ್ತಾರೆ.

ಶಿಬಿರತಾಣದಲ್ಲಿ ನಮಗೆ ದೊರೆತದ್ದು ಸಂಖ್ಯೆ ಬರೆದ ಒಂದು ಗೂಟ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಒಂದು ಬಳೆ ಮತ್ತು ಕರಡಿ ತೆರೆಯಲಾರದ ಒಂದು ಲೋಹದ ಪೆಟ್ಟಿಗೆ. ವಾಸನೆಯಿರುವ ಯಾವ ವಸ್ತುವನ್ನೂ ಡೇರೆಯಲ್ಲಿಡುವಂತಿಲ್ಲ. ಸೊಸೆ ತಂದಿದ್ದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ನನ್ನ ಹಲ್ಲುಜ್ಜುವ ಪೇಸ್ಟು ಸಹ ಆ ಪೆಟ್ಟಿಗೆ ಸೇರಿದವು. ಒಂದು ಗೂಟಕ್ಕೆ ಎಂಟು ಜನರಿಗಿಂತ ಹೆಚ್ಚಿಗೆ ಅವಕಾಶವಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೌನ. ಕಾಡು ಒಣಗಿದ ದಿನಗಳಲ್ಲಿ ಬೆಂಕಿಯೇ ನಿಷಿದ್ಧ. ಹತ್ತು ಗಂಟೆಗೆ ನಿಜಕ್ಕೂ ಎಲ್ಲರ ದನಿ ಅಡಗಿತು. ನೂರಾರು ಜನ ತಂಗಿದ್ದ ತಾಣದಲ್ಲಿ ನನಗೆ ಕೇಳಿಸಿದ್ದು ಮರಗಳ ಸದ್ದು ಮಾತ್ರ. ಆರು ತಿಂಗಳ ಮುಂಚೆ ಜಾಗ ಹಿಡಿಯಬೇಕಾದ ಅನಿವಾರ್ಯತೆಗೂ ಆ ರಾತ್ರಿಯ ಮೌನಕ್ಕೂ ಸಂಬಂಧವಿದೆ ಎಂಬುದು ಅರಿವಾದದ್ದು ಆಗಲೇ.

ಈ ಸರೋವರದಲ್ಲಿ ಬಿಡಾರ ಹೂಡಿದವರಲ್ಲಿ ನಾವು ಮೊದಲಿಗರೇನಲ್ಲ. ಸಾವಿರಾರು ವರ್ಷಗಳ ಕಾಲ ವಾಶೋ ಎಂಬ ಮೂಲನಿವಾಸಿಗಳು ಚಳಿಗಾಲವನ್ನು ಕೆಳಗಿನ ಕಣಿವೆಗಳಲ್ಲಿ ಕಳೆದು, ಬೇಸಿಗೆಯಲ್ಲಿ ಮೀನು ಹಿಡಿಯಲು ಇಲ್ಲಿಗೆ ಏರಿ ಬರುತ್ತಿದ್ದರು. ಕುಟುಂಬಗಳಿಗೆ ವರ್ಷವರ್ಷವೂ ಮರಳುವ ರೂಢಿಯ ತಾಣಗಳಿದ್ದವು. ಟಾಹೊ ಎಂಬ ಹೆಸರೂ ಅವರ ಭಾಷೆಯಿಂದ ಬಂದದ್ದು. 1859ರಲ್ಲಿ ಸಮೀಪದ ನೆವಾಡದಲ್ಲಿ ಬೆಳ್ಳಿಯ ಅದಿರು ದೊರೆತ ಮೇಲೆ ಎಲ್ಲವೂ ಬದಲಾಯಿತು. ಗಣಿಯ ಸುರಂಗಗಳಿಗೆ ಆಸರೆ ಕೊಡಲು ಸರೋವರದ ಸುತ್ತಲಿನ ಕಾಡು ಬಹುಮಟ್ಟಿಗೆ ನೆಲಸಮವಾಯಿತು. 1861ರಲ್ಲಿ ಇಲ್ಲಿ ಬಿಡಾರ ಹೂಡಿದ್ದ ಒಬ್ಬ ತರುಣ ಅಡುಗೆಗೆಂದು ಹೊತ್ತಿಸಿದ ಬೆಂಕಿ ಕೈಮೀರಿ ಬೆಟ್ಟಕ್ಕೇ ವ್ಯಾಪಿಸಿತು. ಆತನೇ ಮುಂದೆ ಮಾರ್ಕ್ ಟ್ವೇನ್ ಎಂದು ಹೆಸರಾದ ಲೇಖಕ. 1872ರ ತನ್ನ ಪ್ರವಾಸ ಕಥನದಲ್ಲಿ ಈ ಪ್ರಸಂಗವನ್ನು ಆತ ಬಲು ಸೊಗಸಾಗಿ ಬಣ್ಣಿಸಿದ್ದಾನೆ. ಆದರೆ ಆ ಒಲೆಯ ಕಿಡಿಯನ್ನು ಇಂದು ಯಾರೂ ಹಗುರವಾಗಿ ಕಾಣುವುದಿಲ್ಲ. 2021ರ ಆಗಸ್ಟ್ 30ರಂದು, ಕಾಲ್ಡರ್ ಎಂಬ ಕಾಳ್ಗಿಚ್ಚು ಸಮೀಪಿಸಿದಾಗ, ದಕ್ಷಿಣ ದಡದ ಇಡೀ ಊರನ್ನೇ ತೆರವುಗೊಳಿಸಬೇಕಾಯಿತು.

ಟಾಹೊ ಸರೋವರದ ಭೂಗೋಳವನ್ನು ತಿಳಿಯದೆ ಅಲ್ಲಿನ ನಿಯಮಗಳ ಕಟ್ಟುನಿಟ್ಟು ಅರ್ಥವಾಗದು. ಅದಕ್ಕೆ 63 ತೊರೆಗಳು ನೀರು ತರುತ್ತವೆ. ಹೊರಹೋಗುವುದು ಟ್ರಕೀ ಎಂಬ ಒಂದೇ ನದಿ. ಆ ನದಿಯೂ ಸಮುದ್ರ ಸೇರುವುದಿಲ್ಲ, ನೆವಾಡದ ಮರುಭೂಮಿಯ ಇನ್ನೊಂದು ಸರೋವರದಲ್ಲಿ ಕೊನೆಗೊಳ್ಳುತ್ತದೆ. ಟಾಹೊದೊಳಗೆ ಬಂದ ನೀರು ಹೊರಹೋಗಲು ಸರಾಸರಿ 650 ವರ್ಷ ಬೇಕು ಎಂಬುದು ವಿಜ್ಞಾನಿಗಳ ಲೆಕ್ಕ. ವಿಜಯನಗರದ ಮೊದಲ ಅರಸರ ಕಾಲದಲ್ಲಿ ಸೇರಿದ ನೀರು ಈಗ ಹೊರಗೆ ಕಾಲಿಡುತ್ತಿದೆ ಎಂದುಕೊಳ್ಳಬಹುದು. ಇಂಥ ನೀರಿಗೆ ನಾವು ಇಂದು ಬೆರೆಸಿದ್ದು ಎಷ್ಟು ತಲೆಮಾರುಗಳ ಪಾಲಿಗೆ ಉಳಿಯುತ್ತದೆ?

ಇದನ್ನು ಮೊದಲು ಅಳೆಯಲು ಹೊರಟವರಲ್ಲಿ ಚಾರ್ಲ್ಸ್ ಗೋಲ್ಡ್‌ಮನ್ ಪ್ರಮುಖರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಅವರು 1959ರಲ್ಲಿ ಅಧ್ಯಯನ ಆರಂಭಿಸಿದರು. ವಿಧಾನ ಬಹಳ ಸರಳ. ಊಟದ ತಟ್ಟೆಯಷ್ಟು ಅಗಲದ ಒಂದು ಬಿಳಿಯ ಬಿಲ್ಲೆಯನ್ನು ನೀರಿಗಿಳಿಸುತ್ತ ಹೋಗುವುದು, ಕಣ್ಣಿಗೆ ಕಾಣದಂತಾದ ಆಳವನ್ನು ಬರೆದುಕೊಳ್ಳುವುದು. 1968ರಿಂದ ಈ ಲೆಕ್ಕ ತಪ್ಪದೆ ನಡೆದಿದೆ. ಆ ವರ್ಷ ಬಿಲ್ಲೆ ಸರಾಸರಿ 102 ಅಡಿಯವರೆಗೆ ಕಾಣುತ್ತಿತ್ತು. 2017ರಲ್ಲಿ ಅದು 60 ಅಡಿಗೂ ಕೆಳಗಿಳಿಯಿತು. ಆ ಬಳಿಕ ಇನ್ನಷ್ಟು ಕುಸಿಯದೆ ತುಸು ಏರುತ್ತ ಇಳಿಯುತ್ತ ನಿಂತಿದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದೇ ಪ್ರಶ್ನೆಯನ್ನು ಒಂದೇ ಕ್ರಮದಲ್ಲಿ ಕೇಳುತ್ತಿರುವುದೇ ಆ ಸರೋವರದ ದೊಡ್ಡ ರಕ್ಷಣೆ ಎಂದು ನನಗನ್ನಿಸುತ್ತದೆ. ಏಕೆಂದರೆ ಬಿಲ್ಲೆಯ ಲೆಕ್ಕವನ್ನು ಯಾವ ಸಚಿವರೂ ಯಾವ ಹೋಟೆಲು ಮಾಲೀಕರೂ ಅಲ್ಲಗಳೆಯಲಾರರು.

ಅರ್ಥಶಾಸ್ತ್ರ ಓದಿದವರಿಗೆ 1968 ಇನ್ನೊಂದು ಕಾರಣಕ್ಕೆ ನೆನಪಿರುತ್ತದೆ. ಕ್ಯಾಲಿಫೋರ್ನಿಯಾದವರೇ ಆದ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಸಾಮೂಹಿಕ ಸಂಪತ್ತಿನ ದುರಂತವನ್ನು ಕುರಿತ ತಮ್ಮ ಪ್ರಸಿದ್ಧ ಲೇಖನ ಪ್ರಕಟಿಸಿದ್ದು ಅದೇ ವರ್ಷ. ಊರಿನ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಟ್ಟರೆ ಅದರ ಲಾಭ ಅವನೊಬ್ಬನಿಗೆ, ನಷ್ಟ ಊರಿಗೆಲ್ಲ. ಕೊನೆಗೆ ಗೋಮಾಳವೇ ಬರಡಾಗುತ್ತದೆ. ಕಂದಾಯ ಇಲಾಖೆಯಲ್ಲಿ ದುಡಿದವರಿಗೆ ಈ ಪಾಠವನ್ನು ಹಾರ್ಡಿನ್ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವರು ಅದೇ ಲೇಖನದಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಉದಾಹರಣೆ ಕೊಟ್ಟು ಇನ್ನೊಂದು ಪ್ರಶ್ನೆ ಎತ್ತಿದರು. ಜನ ಹೆಚ್ಚುತ್ತಿದ್ದಾರೆ, ಕಣಿವೆ ಇರುವುದು ಒಂದೇ. ಪ್ರವೇಶವನ್ನು ಹಂಚುವುದು ಹೇಗೆ? ಹರಾಜು ಹಾಕುವುದೇ, ಅರ್ಹತೆ ನೋಡುವುದೇ, ಚೀಟಿ ಎತ್ತುವುದೇ, ಸರದಿಯ ಸಾಲು ನಿಲ್ಲಿಸುವುದೇ? ಯಾವುದೂ ಹಿತವೆನಿಸದು. ಆದರೂ ಒಂದನ್ನು ಆರಿಸಿಕೊಳ್ಳದೆ ಗತ್ಯಂತರವಿಲ್ಲ.

ಟಾಹೊದಲ್ಲಿ ಈ ಆಯ್ಕೆ ಸುಲಭವಾಗಿ ಆಗಲಿಲ್ಲ. 1960ರ ಚಳಿಗಾಲದ ಒಲಿಂಪಿಕ್ಸ್ ಪಕ್ಕದ ಕಣಿವೆಯಲ್ಲಿ ನಡೆದ ಮೇಲೆ ಹೋಟೆಲು, ರಸ್ತೆ, ವಿಹಾರಗೃಹಗಳು ದಡದುದ್ದಕ್ಕೂ ಎದ್ದವು. ಸರೋವರದ ಮೂರನೆಯ ಎರಡು ಪಾಲು ಕ್ಯಾಲಿಫೋರ್ನಿಯಾಕ್ಕೆ ಸೇರಿದ್ದರೆ ಉಳಿದದ್ದು ನೆವಾಡಕ್ಕೆ. ಒಂದು ರಾಜ್ಯ ನಿಷೇಧಿಸಿದ್ದನ್ನು ಇನ್ನೊಂದು ಅನುಮತಿಸಿದರೆ ಪ್ರಯೋಜನವೇನು? ಕಾವೇರಿಯನ್ನು ಬಲ್ಲ ನಮಗೆ ಈ ತೊಡಕನ್ನು ವಿವರಿಸಬೇಕಾಗಿಲ್ಲ. 1969ರಲ್ಲಿ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡು, ಅಮೆರಿಕದ ಸಂಸತ್ತಿನ ಅನುಮೋದನೆಯೊಂದಿಗೆ, ಜಂಟಿ ಯೋಜನಾ ಪ್ರಾಧಿಕಾರವನ್ನು ರಚಿಸಿದವು. 1970ರ ದಶಕದಲ್ಲಿ ಚರಂಡಿ ನೀರನ್ನು, ಶುದ್ಧೀಕರಿಸಿದ ಮೇಲೂ, ಸರೋವರದ ಪಾತ್ರದಿಂದ ಹೊರಕ್ಕೆ ಪಂಪು ಮಾಡುವ ವ್ಯವಸ್ಥೆಯಾಯಿತು. 1999ರ ಜೂನ್‌ನಿಂದ ಇಂಧನವನ್ನು ನೀರಿಗೆ ಚೆಲ್ಲುವ ಹಳೆಯ ಬಗೆಯ ಟು-ಸ್ಟ್ರೋಕ್ ದೋಣಿ ಎಂಜಿನುಗಳನ್ನು ನಿಷೇಧಿಸಲಾಯಿತು. ದಾವೆಗಳು, ಪ್ರತಿಭಟನೆಗಳು ಎಲ್ಲವೂ ಇದ್ದವು. ಆದರೂ ಪ್ರಾಧಿಕಾರ ಉಳಿದುಬಂದಿದೆ.

ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ನೀರನ್ನು ಮಬ್ಬಾಗಿಸುತ್ತಿರುವುದು ಬಹುತೇಕ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅವುಗಳಲ್ಲಿ ಹೆಚ್ಚಿನ ಪಾಲು ಬರುವುದು ರಸ್ತೆಗಳಿಂದ ಮತ್ತು ಕಟ್ಟಡಗಳಿರುವ ಪ್ರದೇಶಗಳಿಂದ. ಟೈರುಗಳಡಿ ಪುಡಿಯಾದ ಮರಳು ಹಿಮ ಕರಗಿದಾಗ ನೀರಿಗೆ ಸೇರುತ್ತದೆ. ಎಂದರೆ, ಡೇರೆಯಲ್ಲಿ ಮಲಗಿ ಪ್ರಕೃತಿಗೆ ಹತ್ತಿರವಾದೆವೆಂದು ಬೀಗುವ ನಾವು ಸರೋವರಕ್ಕೆ ಮಾಡಿದ ಹಾನಿ ಡೇರೆಯೊಳಗಿನದಲ್ಲ, ಅಲ್ಲಿಗೆ ತಲುಪಲು ಮಾಡಿದ ನಾಲ್ಕು ಗಂಟೆಯ ಕಾರು ಪ್ರಯಾಣದ್ದು. ಮೂವರು ದೊಡ್ಡವರು ಮತ್ತು ಒಬ್ಬ ಬಾಲಕನಿಗೆ ನಾವು ಒಂದು ದೊಡ್ಡ ಕಾರು ಒಯ್ದಿದ್ದೆವು. ಸರೋವರ ಪ್ರದೇಶಕ್ಕೆ ಬರುವ ವಾಹನಗಳಿಗೆ ಶುಲ್ಕ ವಿಧಿಸಬೇಕೆಂಬ ಚರ್ಚೆ ಅಲ್ಲಿ ಅನೇಕ ವರ್ಷಗಳಿಂದ ನಡೆದಿರುವುದು ಸುಮ್ಮನೆ ಅಲ್ಲ.

ನಿಯಮವಿರುವ ಕಡೆಗೂ ಇಲ್ಲದ ಕಡೆಗೂ ಇರುವ ವ್ಯತ್ಯಾಸ 2023ರ ಜುಲೈ 4ರ ಸ್ವಾತಂತ್ರ್ಯೋತ್ಸವದ ಮರುದಿನ ಎದ್ದು ಕಂಡಿತು. ಕಾವಲಿಲ್ಲದ ಒಂದೇ ಒಂದು ಕಡಲತೀರದಂಥ ದಂಡೆಯಿಂದ ಸ್ವಯಂಸೇವಕರು 3,800 ಕಿಲೊಗ್ರಾಂಗೂ ಹೆಚ್ಚು ಕಸ ಎತ್ತಬೇಕಾಯಿತು. ಬಂದವರೆಲ್ಲ ಸರೋವರವನ್ನು ಪ್ರೀತಿಸುವವರೇ. ಪ್ರೀತಿಯೊಂದೇ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಿತಿ ಬೇಕು, ಸರಿ. ಆದರೆ ಆ ಮಿತಿಯೊಳಗೆ ಯಾರಿಗೆ ಜಾಗ? ಶಿಬಿರತಾಣದ ಬಾಡಿಗೆ ಹೋಟೆಲಿನ ಕೋಣೆಯ ಬಾಡಿಗೆಯ ಒಂದು ಸಣ್ಣ ಪಾಲಷ್ಟೇ. ಹಣವಂತನೂ ಕೂಲಿಕಾರನೂ ಒಂದೇ ದರ ಕೊಡುತ್ತಾರೆ. ನೋಡಲು ಇದು ಸಮಾನತೆ. ಆದರೆ ಆರು ತಿಂಗಳ ಮುಂಚೆಯೇ ತನ್ನ ರಜೆಯ ದಿನ ಗೊತ್ತಿರುವುದು ಯಾರಿಗೆ? ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಎರಡು ಕಂಪ್ಯೂಟರುಗಳ ಮುಂದೆ ಕೂರಬಲ್ಲವರು ಯಾರು? ನನ್ನ ಮಗನಂಥ ಎಂಜಿನಿಯರುಗಳು. ದಡದ ಹೋಟೆಲುಗಳಲ್ಲಿ ಹಾಸಿಗೆ ಮಡಚುವ ಮಹಿಳೆಗೆ ಮುಂದಿನ ವಾರದ ಪಾಳಿಯೇ ಗೊತ್ತಿರುವುದಿಲ್ಲ. ಸರದಿಯ ಸಾಲೂ ಒಂದು ಬಗೆಯ ಬೆಲೆಯೇ, ಅದನ್ನು ಹಣದ ಬದಲು ಬಿಡುವಿನಲ್ಲಿ ತೆರಬೇಕು. ಒಂದಿಷ್ಟು ಜಾಗವನ್ನು ಚೀಟಿ ಎತ್ತಿ, ಇನ್ನೊಂದಿಷ್ಟನ್ನು ಕೊನೆಯ ವಾರದಲ್ಲಿ ಹಂಚುವುದು ನ್ಯಾಯಕ್ಕೆ ಹೆಚ್ಚು ಸಮೀಪವೆಂದು ನನ್ನ ಅಭಿಪ್ರಾಯ. ತಡವಾಗಿಯಾದರೂ ಒಂದು ನ್ಯಾಯ ಅಲ್ಲಿ ಸಂದಿದೆ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಭಾಗವಹಿಸಿದ ಸರೋವರ ಸಮಾವೇಶದ ಬಳಿಕ, ಪಶ್ಚಿಮ ದಡದ ಮೀಕ್ಸ್ ಬೇ ವಿಹಾರತಾಣವನ್ನು ನಡೆಸುವ ಹೊಣೆ ವಾಶೋ ಜನರಿಗೆ ದೊರೆಯಿತು.

ಇದನ್ನೆಲ್ಲ ಬರೆಯುವಾಗ ನನ್ನ ಸೇವಾವಧಿಯ ಒಂದು ಕಡತ ನೆನಪಾಗುತ್ತದೆ. ಗಿರಿಧಾಮವೊಂದಿದ್ದ ಜಿಲ್ಲೆಯಲ್ಲಿ ನಾನಿದ್ದಾಗ, ವರ್ಷಾಂತ್ಯದ ವರದಿಯಲ್ಲಿ ಪ್ರವಾಸಿಗರ ಸಂಖ್ಯೆ ಏರಿದೆ ಎಂಬ ಸಾಲಿಗೆ ಹೆಮ್ಮೆಯಿಂದ ಸಹಿ ಹಾಕಿದ್ದೆ. ಅದೇ ಬೆಟ್ಟದ ಕೆರೆಯ ನೀರು ಹೇಗಿದೆ ಎಂಬುದಕ್ಕೆ ಆ ನಮೂನೆಯಲ್ಲಿ ಅಂಕಣವೇ ಇರಲಿಲ್ಲ. ಇರಬೇಕಿತ್ತೆಂದು ನನಗೂ ತೋಚಲಿಲ್ಲ. ತಲೆ ಎಣಿಸಿದೆವು, ನೀರು ಅಳೆಯಲಿಲ್ಲ. ಅಳೆಯದ ಕಾರಣ ಹಾಳಾದದ್ದು ಯಾವಾಗ ಎಂದೂ ತಿಳಿಯಲಿಲ್ಲ.

ಮಿತಿಯ ಪ್ರಶ್ನೆ ಈಗ ನಮ್ಮ ಬೆಟ್ಟಗಳನ್ನೂ ಮುಟ್ಟಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿ ಚಾರಣಿಗರಿಂದ ಕಿಕ್ಕಿರಿದ ಚಿತ್ರಗಳನ್ನು ನಾಡೇ ನೋಡಿತು. ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿಯಿಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಅದೇ ವರ್ಷ ದಿನದ ಮಿತಿಯೊಂದಿಗೆ ನೋಂದಣಿ ವ್ಯವಸ್ಥೆ ತಂದಿತು. ಇದು ಸ್ವಾಗತಾರ್ಹ. ಆದರೆ ಸಂಖ್ಯೆಯೊಂದನ್ನು ಗೊತ್ತುಪಡಿಸಿದಾಗ, ಆ ಸಂಖ್ಯೆಯೇ ಏಕೆ ಎಂದು ಹೇಳಬಲ್ಲ ಒಂದು ಬಿಳಿಯ ಬಿಲ್ಲೆ ನಮ್ಮ ಬಳಿಯೂ ಇರಬೇಕು. ತೊರೆಯ ನೀರೋ, ಹುಲ್ಲಿನ ಹೊದಿಕೆಯೋ, ಹಾದಿಯ ಮಣ್ಣಿನ ಸವೆತವೋ, ಏನಾದರೊಂದನ್ನು ವರ್ಷವರ್ಷವೂ ಅಳೆದು ಜನರ ಮುಂದಿಡಬೇಕು. ಇಲ್ಲವಾದರೆ ಪ್ರಭಾವಿಗಳ ಒತ್ತಡ ಬಂದ ದಿನ ಮಿತಿ ಸಡಿಲವಾಗುತ್ತದೆ.

ಹಾರ್ಡಿನ್ ಅವರ ನಿರಾಶೆಯನ್ನು ಎಲಿನಾರ್ ಆಸ್ಟ್ರಂ ಒಪ್ಪಲಿಲ್ಲ. ಬಳಸುವ ಜನರೇ ನಿಯಮ ಮಾಡಿ, ಕಾವಲಿದ್ದು, ತಪ್ಪಿದವರಿಗೆ ಹದವರಿತು ದಂಡ ಹಾಕಿ ಸಾಮೂಹಿಕ ಸಂಪತ್ತನ್ನು ಉಳಿಸಿಕೊಂಡ ನಿದರ್ಶನಗಳನ್ನು ಅವರು ಜಗತ್ತಿನೆಲ್ಲೆಡೆಯಿಂದ ಕಲೆಹಾಕಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ನಮ್ಮ ಹಳ್ಳಿಗಳ ನೀರುಗಂಟಿ ಮಾಡುತ್ತಿದ್ದುದೂ ಅದನ್ನೇ. ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಹರಿಸಬೇಕು ಎಂಬುದನ್ನು ಆತ ನೀರಿನ ಮಟ್ಟ ನೋಡಿ ನಿರ್ಧರಿಸುತ್ತಿದ್ದ. ಊರು ಅವನ ಮಾತಿಗೆ ತಲೆಬಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ನಾವು ಜಾಗ ತೆರವು ಮಾಡಬೇಕಿತ್ತು. ಡೇರೆ ಮಡಚಿ, ಬಿದ್ದಿದ್ದ ಒಂದೆರಡು ಕಾಗದದ ಚೂರುಗಳನ್ನು ಮೊಮ್ಮಗ ಆರಿಸಿದ. ಮೊದಲೇ ಬಂದಿದ್ದ ಮುಂದಿನ ಕುಟುಂಬ ತುಸು ದೂರದಲ್ಲಿ ಕಾರು ನಿಲ್ಲಿಸಿ ಕಾದಿತ್ತು. ಅವರೂ ಜನವರಿಯಲ್ಲೇ ಕಾಯ್ದಿರಿಸಿದವರಿರಬೇಕು. ನಮಗೆ ದೊರೆತಷ್ಟೇ ಶುಭ್ರವಾದ ನೆಲ ಅವರಿಗೂ ದೊರೆಯಿತು. ಸರೋವರ ಎಲ್ಲರದೂ ಎನ್ನುವ ಮಾತಿಗೆ ಇದಕ್ಕಿಂತ ಬೇರೆ ಅರ್ಥ ನನಗೆ ತಿಳಿದಿಲ್ಲ.