ಬೆಕ್ಕು ಪರಚಿದರೆ ಮಕ್ಕಳು ಹೆದರದೆ ಹೇಳಲಿ

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಒಂದು ಸ್ಥಾನ ಉಂಟು. ಅದು ನಜಸ್ ಅಲ್ಲ, ನಿಮ್ಮ ಸುತ್ತ ಓಡಾಡಿಕೊಂಡಿರುವ ಜೀವ ಎಂದು ಪ್ರವಾದಿಯವರು(ಸ.ಅ.) ಕಲಿಸಿದ್ದಾರೆ. ಮಧ್ಯಾಹ್ನ ಬೂತಾಯಿಯ ತಲೆ, ರಾತ್ರಿ ಉಳಿದ ಅನ್ನ ಹಾಕಿದರೆ ಬೆಕ್ಕಿನ ಆರೈಕೆ ಮುಗಿಯಿತು ಅಂತ ಹೆಚ್ಚಿನವರ ಲೆಕ್ಕ. ಆದರೆ ಪಶುವೈದ್ಯರು ಹೇಳುವ ಕೆಲವು ಮಾತುಗಳನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಮದರಸಕ್ಕೆ ಬರುವ ಮಕ್ಕಳ ಕೈಯಲ್ಲಿ ಆಗಾಗ ಉಗುರಿನ ಗೀರು ಕಾಣುತ್ತೇವೆ. "ಏನಾಯ್ತು ಮೋನೇ?" ಅಂತ ಕೇಳಿದರೆ "ಮುಳ್ಳು ತಾಗಿದ್ದು ಉಸ್ತಾದ್" ಎನ್ನುತ್ತಾರೆ. ಮನೆಯಲ್ಲಿ ಹೇಳಿದರೆ ಉಮ್ಮ ಬೈತಾರೆ, ಬೆಕ್ಕನ್ನು ಗೋಣಿಯಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬರ್ತಾರೆ ಎಂಬ ಹೆದರಿಕೆ ಅವರಿಗೆ. ಈ ಹೆದರಿಕೆಯೇ ಅಪಾಯ.

ರೇಬಿಸ್ ನಾಯಿಯಿಂದ ಮಾತ್ರ ಬರುವುದಲ್ಲ. ಹುಚ್ಚು ನಾಯಿ ಕಚ್ಚಿದ ಬೆಕ್ಕಿನಿಂದಲೂ ಬರುತ್ತದೆ. ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮತ್ತೆ ಮದ್ದಿಲ್ಲ. ಆದ್ದರಿಂದ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ನಳ್ಳಿಯ ನೀರು ಬಿಟ್ಟು, ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಶಿನ, ಸುಣ್ಣ, ಮೆಣಸಿನ ಹುಡಿ ಯಾವುದೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಬರೆದುಕೊಟ್ಟ ದಿನಗಳಲ್ಲಿ ಅಷ್ಟೂ ಡೋಸ್ ಚುಚ್ಚುಮದ್ದು ಹಾಕಿಸಬೇಕು. ನೋವು ಇಲ್ಲ ಅಂತ ಅರ್ಧಕ್ಕೆ ಬಿಡುವ ಹಾಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಕಚ್ಚಿದ ಬೆಕ್ಕನ್ನು ಓಡಿಸಬೇಡಿ, ದೂರ ಬಿಟ್ಟು ಬರಬೇಡಿ. 10 ದಿನ ಮನೆಯಲ್ಲೇ ಜೋಪಾನವಾಗಿಟ್ಟು ನೋಡಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ತಿಳಿಯುತ್ತದೆ. ಬಿಟ್ಟು ಬಂದರೆ ಆ ದಾರಿಯೂ ಮುಚ್ಚಿಹೋಗ್ತದೆ. ಹಾಗಂತ 10 ದಿನ ಕಾದು ನಂತರ ಮದ್ದು ಹಾಕಿಸುವುದಲ್ಲ; ಮದ್ದು ಮೊದಲ ದಿನವೇ ಶುರುವಾಗಬೇಕು.

ಇದಕ್ಕೆಲ್ಲ ಮೊದಲೇ ಬೆಕ್ಕಿಗೆ ಲಸಿಕೆ ಹಾಕಿಸುವುದು ಸುಲಭ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಪ್ರಕಾರ ವರ್ಷಕ್ಕೊಮ್ಮೆ. ಹುಳದ ಮದ್ದನ್ನೂ ಅವರ ಹತ್ತಿರವೇ ಕೇಳಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ಉಂಟಾ ಅಂತ ವಿಚಾರಿಸಿದರೆ ಒಳ್ಳೆಯದು.

ಬೆಕ್ಕಿಗೆ ಜ್ವರ ಅಂತ ಮಕ್ಕಳ ಪ್ಯಾರಸಿಟಮಾಲ್ ಕೊಡುವವರು ಇದ್ದಾರೆ. ದಯವಿಟ್ಟು ಬೇಡ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಒಂದು ಮಾತ್ರೆಯೇ ಸಾಯಿಸಬಹುದು. ನಾಯಿಯ ಉಣ್ಣಿಗೆ ಹಾಕುವ ಕೆಲವು ಮದ್ದುಗಳೂ ಬೆಕ್ಕಿಗೆ ವಿಷ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗದೆ ಬೇಧಿಯಾಗ್ತದೆ, ನೀರೇ ಸಾಕು. ಬರೀ ಅನ್ನ ತಿಂದು ಬೆಕ್ಕು ಬಾಳುವುದಿಲ್ಲ. ಮುಳ್ಳು ತೆಗೆದ ಬೇಯಿಸಿದ ಮೀನು, ಮಾಂಸ ಬೇಕು.

ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿ ಹನಿಯೂ ಬಾರದಿದ್ದರೆ ಬೆಳಗಾಗುವವರೆಗೆ ಕಾಯಬಾರದು. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಹೇಲು ತೆಗೆಯುವ ಕೆಲಸ ಬೇರೆಯವರು ಮಾಡಲಿ. ಅದರಿಂದ ಹೊಟ್ಟೆಯ ಮಗುವಿಗೆ ತೊಂದರೆಯಾಗುವ ಸೋಂಕು ಬರಬಹುದು. ಪಶುಚಿಕಿತ್ಸೆಗಾಗಿ ಇರುವ ಸಹಾಯವಾಣಿ 1962. ನಂಬರನ್ನು ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.

ಬೆಕ್ಕನ್ನು ಕಟ್ಟಿಹಾಕಿ, ಆಹಾರ ಕೊಡದೆ ಸಾಯಿಸಿದ ಹೆಂಗಸಿನ ಹದೀಸ್ ನಮ್ಮ ಮಕ್ಕಳಿಗೆಲ್ಲ ಗೊತ್ತು. ಸಾಕಿದ ಜೀವದ ಬಗ್ಗೆ ನಾಳೆ ಕೇಳಲ್ಪಡುತ್ತೇವೆ ಅಂತ ಅವರಿಗೆ ಹೇಳಿಕೊಡುವ ನಾವೇ ಬೆಕ್ಕನ್ನು ಗೋಣಿಗೆ ತುಂಬಿಸಿದರೆ ಅವರು ಏನು ಕಲಿಯಬೇಕು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಒಂದು ಮಾತು ಹೇಳಿ: "ಬೆಕ್ಕು ಪರಚಿದರೆ ಕೂಡಲೇ ಹೇಳು, ಬೈಯುವುದಿಲ್ಲ, ಬೆಕ್ಕನ್ನೂ ಬಿಡುವುದಿಲ್ಲ."