ಇಲ್ಲದ ಸಂಖ್ಯೆಯಿಂದ ಆಗುವ ಪ್ರಯೋಜನ



ಗಣಿತದಲ್ಲಿ ಉನ್ನತ ವ್ಯಾಸಂಗಕ್ಕೆ ತೊಡಗಿದ ನಮ್ಮ ಮಕ್ಕಳು ಮೊದಲ ವರ್ಷದಲ್ಲಿಯೇ ಎದುರಿಸುವ ವಿಷಯಗಳಲ್ಲಿ ಕಾಂಪ್ಲೆಕ್ಸ್ ಅನಾಲಿಸಿಸ್, ಎಂದರೆ ಸಂಕೀರ್ಣ ವಿಶ್ಲೇಷಣೆ, ಒಂದು. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಅರ್ಹತಾ ಪರೀಕ್ಷೆಯಲ್ಲಿಯೂ ಇದಕ್ಕೆ ಸ್ಥಾನವುಂಟು. "ಋಣ ಒಂದಕ್ಕೆ ವರ್ಗಮೂಲವೇ ಇಲ್ಲವೆಂದು ನಾವು ಶಾಲೆಯಲ್ಲಿ ಕಲಿತೆವು. ಇಲ್ಲದ್ದನ್ನು ಓದಿ ಪಡೆಯುವುದೇನು?" ಎಂದು ಹಿರಿಯರು ಕೇಳುವುದು ಸಹಜ. ಅದಕ್ಕೆ ಉತ್ತರ ಹೇಳುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ಕಲನಶಾಸ್ತ್ರದ ಒಂದು ಒಗಟನ್ನು ನೋಡೋಣ. ಕ್ಷ ಎಂಬ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿ, ಬಂದ ಮೊತ್ತದಿಂದ 1ನ್ನು ಭಾಗಿಸಿರಿ. ಕ್ಷ ಯಾವ ವಾಸ್ತವ ಸಂಖ್ಯೆಯಾದರೂ ಛೇದವು 1ಕ್ಕಿಂತ ಕಡಿಮೆಯಾಗದು. ಭಾಗಾಕಾರಕ್ಕೆ ಎಲ್ಲಿಯೂ ತೊಡಕಿಲ್ಲ. ಇದೇ ಬೆಲೆಯನ್ನು 1 − ಕ್ಷ² + ಕ್ಷ⁴ − ಕ್ಷ⁶ … ಎಂಬ ಅನಂತ ಶ್ರೇಣಿಯಾಗಿಯೂ ಬರೆಯಬಹುದು. ಕ್ಷ ಅರ್ಧವಾದಾಗ ಶ್ರೇಣಿಯ ಮೊತ್ತ ಸರಿಯಾದ ಬೆಲೆಯಾದ 4/5ರತ್ತಲೇ ಸಾಗುತ್ತದೆ. ಆದರೆ ಕ್ಷ 2 ಆದಾಗ, ಸರಿಯಾದ ಬೆಲೆ 1/5 ಇದ್ದರೂ, ಶ್ರೇಣಿಯು 1 − 4 + 16 − 64 ಎಂದು ಹಿಗ್ಗುತ್ತ ಹೋಗಿ ಎಲ್ಲಿಯೂ ನೆಲೆಗೊಳ್ಳದು. 1ರ ಗಡಿ ದಾಟಿದೊಡನೆ ಶ್ರೇಣಿ ಕೆಡುವುದೇಕೆ? ಸಂಖ್ಯಾರೇಖೆಯ ಮೇಲೆ ಎಷ್ಟು ಹುಡುಕಿದರೂ ಕಾರಣ ಸಿಗದು.

ಈಗ ರೇಖೆಯನ್ನು ಬಿಟ್ಟು ಸಮತಲಕ್ಕೆ ಬರೋಣ. ಸಂಕೀರ್ಣ ಸಂಖ್ಯೆಗೆ ಎರಡು ಅಂಗಗಳು: ಪೂರ್ವಪಶ್ಚಿಮವಾಗಿ ವಾಸ್ತವ ಭಾಗ, ದಕ್ಷಿಣೋತ್ತರವಾಗಿ ಕಾಲ್ಪನಿಕ ಭಾಗ. ಋಣ ಒಂದರ ವರ್ಗಮೂಲವು ಸೊನ್ನೆಯಿಂದ ಉತ್ತರಕ್ಕೆ ಒಂದು ಮಾನ ದೂರದಲ್ಲಿದೆ. ಅದರ ಜೋಡಿ ದಕ್ಷಿಣಕ್ಕೆ ಅಷ್ಟೇ ದೂರದಲ್ಲಿದೆ. ಈ ಎರಡು ಬಿಂದುಗಳಲ್ಲಿ ನಮ್ಮ ಛೇದವು ಸೊನ್ನೆಯಾಗುತ್ತದೆ. ಸೊನ್ನೆಯನ್ನು ಕೇಂದ್ರವಾಗಿಟ್ಟು ಆ ಬಿಂದುಗಳ ಮೂಲಕ ಎಳೆದ ವೃತ್ತದ ಒಳಗೆ ಮಾತ್ರ ಶ್ರೇಣಿ ಸರಿಯಾಗಿ ನಡೆಯುತ್ತದೆ. ಅದರ ತ್ರಿಜ್ಯವೇ 1. ರೇಖೆಯ ಮೇಲಿನ ತೊಡಕಿಗೆ ಕಾರಣ ರೇಖೆಯ ಹೊರಗಿತ್ತು.

ಫ್ರಾನ್ಸಿನ ಗಣಿತಜ್ಞ ಕೋಶಿ 19ನೆಯ ಶತಮಾನದಲ್ಲಿ ಇದಕ್ಕಿಂತ ಆಶ್ಚರ್ಯಕರವಾದ ಸತ್ಯವೊಂದನ್ನು ಕಂಡನು. ಒಂದು ಸಂಖ್ಯೆಗೆ ಇನ್ನೊಂದನ್ನು ಹೊಂದಿಸುವ ನಿಯಮಕ್ಕೆ ಫಲನವೆಂದು ಹೆಸರು. ಆವೃತ ರೇಖೆಯೊಂದರ ಮೇಲೂ ಒಳಗೂ ಫಲನವು ಎಲ್ಲಿಯೂ ಕೆಡದಿದ್ದರೆ, ರೇಖೆಯ ಮೇಲಿನ ಬೆಲೆಗಳಿಂದಲೇ ಒಳಗಿನ ಪ್ರತಿಯೊಂದು ಬೆಲೆಯೂ ನಿರ್ಧಾರವಾಗುತ್ತದೆ. ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ನಡುನೀರಿನ ಆಳವನ್ನೆಲ್ಲ ತಿಳಿದುಕೊಂಡಂತೆ!

ಈ ವಿದ್ಯೆಯ ಬೆಲೆಯನ್ನು ರಾಮಾನುಜನ್ ಅವರ ಜೀವನದಲ್ಲಿ ಸ್ಪಷ್ಟವಾಗಿ ಕಾಣಬಹುದು. 1913ರಲ್ಲಿ ಅವರು ಮದರಾಸಿನಿಂದ ಹಾರ್ಡಿಯವರಿಗೆ ಬರೆದಾಗ ಕೋಶಿಯ ಪ್ರಮೇಯದ ಪರಿಚಯ ಅವರಿಗಿರಲಿಲ್ಲ. ಅವಿಭಾಜ್ಯ ಸಂಖ್ಯೆಗಳ ಎಣಿಕೆಯು ಜೀಟಾ ಎಂಬ ಫಲನವು ಸೊನ್ನೆಯಾಗುವ ಬಿಂದುಗಳನ್ನು ಅವಲಂಬಿಸಿದೆಯೆಂದು ರೀಮಾನ್ 1859ರಲ್ಲಿಯೇ ತೋರಿಸಿದ್ದನು. ಅವುಗಳಲ್ಲಿ ವಾಸ್ತವ ರೇಖೆಯಿಂದ ಆಚೆಗಿರುವ ಬಿಂದುಗಳು ಲೆಕ್ಕಕ್ಕೆ ಬಾರದ ಕಾರಣ, ಅವಿಭಾಜ್ಯಗಳ ಬಗ್ಗೆ ರಾಮಾನುಜನ್ ನಿರೂಪಿಸಿದ ಕೆಲವು ಫಲಿತಾಂಶಗಳು ತಪ್ಪಾದವು. ಅಂಥ ಪ್ರತಿಭೆಯೂ ಅಲ್ಲಿ ಎಡವಿತು. 1914ರಲ್ಲಿ ಕೇಂಬ್ರಿಡ್ಜಿಗೆ ಬಂದ ಮೇಲೆ ಚಿತ್ರ ಬದಲಾಯಿತು. 4 ಎಂಬ ಸಂಖ್ಯೆಯನ್ನು 4, 3+1, 2+2, 2+1+1, 1+1+1+1 ಎಂದು ಐದು ಬಗೆಯಾಗಿ ಒಡೆಯಬಹುದು. 200ನ್ನು ಎಷ್ಟು ಬಗೆಯಾಗಿ ಒಡೆಯಬಹುದು? 1918ರಲ್ಲಿ ಹಾರ್ಡಿ ಮತ್ತು ರಾಮಾನುಜನ್ ಕೋಶಿಯ ಸೂತ್ರವನ್ನೇ ಬಳಸಿ, ಸಂಕೀರ್ಣ ಸಮತಲದ ವೃತ್ತವೊಂದರ ಸುತ್ತ ನಡೆದು ಉತ್ತರ ಪಡೆದರು. ಅವರ ಸೂತ್ರದ ಎಂಟು ಪದಗಳ ಮೊತ್ತವು ನಿಜವಾದ ಉತ್ತರವಾದ 39,72,99,90,29,388ಕ್ಕಿಂತ ಕೇವಲ 0.004ರಷ್ಟು ಹೆಚ್ಚಾಗಿತ್ತು. ಪೂರ್ಣಾಂಕಗಳನ್ನು ಎಣಿಸುವ ಪ್ರಶ್ನೆಗೆ 'ಇಲ್ಲದ' ಸಂಖ್ಯೆಗಳು ಉತ್ತರ ಕೊಟ್ಟವು.

ಈ ವಿಷಯವನ್ನು ಅಭ್ಯಾಸ ಮಾಡುವ ತರುಣ ತರುಣಿಯರಿಗೆ ಒಂದು ಸೂಚನೆ. ಸೂತ್ರಗಳನ್ನು ಬಾಯಿಪಾಠ ಮಾಡುವ ಮೊದಲು ಕಾಗದದ ಮೇಲೆ ಸಮತಲವನ್ನು ಬರೆದು, ಫಲನವು ಎಲ್ಲೆಲ್ಲಿ ಕೆಡುತ್ತದೆಯೆಂದು ಚುಕ್ಕಿ ಇಟ್ಟು ಗುರುತಿಸಿಕೊಳ್ಳಿ. ಪರೀಕ್ಷೆಯ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ. ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಇದರಿಂದೇನು ಪ್ರಯೋಜನವೆಂದು ಮಕ್ಕಳನ್ನು ಕೇಳುವಾಗ, ಆ ಚುಕ್ಕಿಗಳ ಚಿತ್ರವನ್ನೂ ತೋರಿಸೆಂದು ಕೇಳಿ. ಅದನ್ನು ವಿವರಿಸುತ್ತ ಅವರೂ ಕಲಿಯುವರು, ನಾವೂ ಕಲಿಯುವೆವು.