ಎದೆ ಸೀಳುವ ಪ್ರಾಣಿ, ಹೊಟ್ಟೆಯೊಳಗಿನ ಹುಳು

ಅನ್ಯಗ್ರಹದ ಭಯಾನಕ ಪ್ರಾಣಿಗಳ ಚಿತ್ರ ನೋಡಿದ ಮಕ್ಕಳು ರಾತ್ರಿ ಬೆಚ್ಚಿ ಎದ್ದು, 'ನನ್ನ ಹೊಟ್ಟೆಯಲ್ಲೂ ಅಂಥದ್ದು ಬೆಳೆಯುತ್ತದೆಯೇ?' ಎಂದು ಕೇಳುವುದುಂಟು. ಗದರಿಸಿ ಮಲಗಿಸುವ ಬದಲು, ಅದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ತಿಳಿಯ ಹೇಳುವುದು ಒಳ್ಳೆಯದು.

ಇಂಥ ಚಿತ್ರಗಳಲ್ಲಿ ಬಹು ಪ್ರಸಿದ್ಧವಾದದ್ದು ರಿಡ್ಲಿ ಸ್ಕಾಟ್ ನಿರ್ದೇಶನದ, 1979ರಲ್ಲಿ ತೆರೆಕಂಡ 'ಏಲಿಯನ್'. ಅದರಲ್ಲಿ ಮೊಟ್ಟೆಯಿಂದ ಹೊರಬಂದ ಜೀವಿಯೊಂದು ಗಗನಯಾತ್ರಿಯ ಮುಖಕ್ಕೆ ಅಂಟಿಕೊಂಡು, ಅವನ ದೇಹದೊಳಗೆ ಮರಿಯನ್ನು ಸೇರಿಸುತ್ತದೆ. ಮರಿ ಅವನ ಎದೆ ಸೀಳಿ ಹೊರಬಂದು, ಕೆಲವೇ ಗಂಟೆಗಳಲ್ಲಿ ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಇನ್ನು ಅದರ ರಕ್ತವೋ, ಲೋಹವನ್ನೇ ಕರಗಿಸುವ ಆಮ್ಲ!

ಒಳಗಿನಿಂದ ತಿಂದು ಹೊರಬರುವ ಜೀವಿಗಳು ಕೀಟಲೋಕದಲ್ಲಿ ನಿಜವಾಗಿಯೂ ಇವೆ. ಕೆಲವು ಜಾತಿಯ ಕಣಜಗಳು ಕಂಬಳಿಹುಳುವಿನ ದೇಹದೊಳಗೆ ಮೊಟ್ಟೆಯಿಡುತ್ತವೆ. ಮರಿಗಳು ಅದನ್ನೇ ತಿಂದು ಬೆಳೆದು, ಚರ್ಮ ಕೊರೆದು ಹೊರಬರುತ್ತವೆ. ಆದರೆ ಈ ಕಣಜಗಳು ಮನುಷ್ಯರಲ್ಲಿ ಮೊಟ್ಟೆಯಿಡುವುದಿಲ್ಲ.

ಉಳಿದದ್ದು ಕಲ್ಪನೆಯೇ. ಆಹಾರವಿಲ್ಲದೆ ಯಾವ ಜೀವಿಯ ತೂಕವೂ ಏರದು. ಹೊತ್ತುಹೊತ್ತಿಗೆ ಹಾಲು ಕುಡಿಯುವ ಹಸುಗೂಸಿಗೂ ಹುಟ್ಟಿದಾಗಿನ ತೂಕ ಇಮ್ಮಡಿಯಾಗಲು ಸುಮಾರು 5 ತಿಂಗಳು ಬೇಕು. ತೀಕ್ಷ್ಣ ಆಮ್ಲ ನಮ್ಮ ಜಠರದಲ್ಲೂ ಇದೆ. ಅದು ಜಠರವನ್ನೇ ಸುಡದಂತೆ ಒಳಗೋಡೆಯ ಲೋಳೆಪದರ ಕಾಪಾಡುತ್ತದೆ. ಆದರೆ ನಮ್ಮ ರಕ್ತ ತುಸು ಕ್ಷಾರೀಯ. ಅದು ಆಮ್ಲದ ಕಡೆಗೆ ಕೊಂಚ ಹೆಚ್ಚು ವಾಲಿದರೂ ಪ್ರಾಣಕ್ಕೆ ಅಪಾಯ.

ನಿಜವಾದ ಒಳಶತ್ರು

ಹಾಗಾದರೆ ಮನುಷ್ಯರ ದೇಹದಲ್ಲಿ ಯಾವ ಜೀವಿಯೂ ಬೆಳೆಯುವುದಿಲ್ಲವೇ? ಬೆಳೆಯುತ್ತದೆ, ಆದರೆ ಸದ್ದಿಲ್ಲದೆ. ಜಂತುಹುಳುಗಳಲ್ಲಿ ಒಂದಾದ ದುಂಡುಹುಳುವಿನ ಮೊಟ್ಟೆಗಳು ಮಣ್ಣು ಮೆತ್ತಿದ ಕೈ ಮತ್ತು ತೊಳೆಯದ ಹಸಿ ತರಕಾರಿಗಳ ಮೂಲಕ ಹೊಟ್ಟೆ ಸೇರುತ್ತವೆ. ಕರುಳಿನಲ್ಲಿ ಹೊರಬಂದ ಮರಿಗಳು ರಕ್ತದ ಮೂಲಕ ಯಕೃತ್ತನ್ನು ದಾಟಿ ಶ್ವಾಸಕೋಶ ತಲುಪುತ್ತವೆ. ಅಲ್ಲಿಂದ ಗಂಟಲಿಗೆ ಏರಿ, ಉಗುಳಿನೊಡನೆ ನುಂಗಲ್ಪಟ್ಟು ಮತ್ತೆ ಕರುಳಿಗೆ ಬಂದು ನೆಲೆಸುತ್ತವೆ. ಎದೆಯೊಳಗೆ ಹಾದುಹೋದರೂ ಎದೆ ಸೀಳುವುದಿಲ್ಲ. ಕೆಮ್ಮು ಬಂದೀತು. ಬೆಳೆದ ಹುಳು ಒಂದು ಅಡಿಯಷ್ಟು ಉದ್ದವಿರಬಹುದು. ಹೆಣ್ಣುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡಬಲ್ಲದು. ಅವು ಮಲದೊಡನೆ ಮಣ್ಣು ಸೇರುತ್ತವೆ.

ಹುಳುಗಳು ಹೆಚ್ಚಾದರೆ ಹೊಟ್ಟೆನೋವು ಕಾಣಿಸಿಕೊಳ್ಳುತ್ತದೆ, ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಅವು ಗಂಟುಗಟ್ಟಿ ಕರುಳನ್ನೇ ಮುಚ್ಚಿದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮಗುವಿಗೆ ತೀವ್ರ ಹೊಟ್ಟೆನೋವು, ಹೊಟ್ಟೆಯುಬ್ಬರ, ವಾಂತಿ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಬೆಲ್ಲ, ಸಿಹಿತಿಂಡಿ ತಿಂದರೆ ಹುಳುವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮೊಟ್ಟೆ ಹೊಟ್ಟೆ ಸೇರದೆ ಹುಳು ಹುಟ್ಟದು. ಆದ್ದರಿಂದ ಶೌಚದ ನಂತರ ಮತ್ತು ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯುವುದು, ಉಗುರು ಕತ್ತರಿಸುವುದು, ಶೌಚಾಲಯ ಬಳಸುವುದು, ಹಸಿಯಾಗಿ ತಿನ್ನುವ ತರಕಾರಿಯನ್ನು ಚೆನ್ನಾಗಿ ತೊಳೆಯುವುದು ಅಗತ್ಯ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದಲ್ಲಿ 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತದೆ. ಮಾತ್ರೆ ಇರುವ ಹುಳುಗಳನ್ನು ಕೊಲ್ಲುತ್ತದೆಯೇ ಹೊರತು ಮತ್ತೆ ಬಾರದಂತೆ ತಡೆಯುವುದಿಲ್ಲ. ತಡೆಯಲು ಶುಚಿತ್ವವೇ ಬೇಕು.

ಪರದೆಯ ಮೇಲಿನ ಪ್ರಾಣಿಯನ್ನು ಕೊಲ್ಲಲು ಇಡೀ ಹಡಗಿನ ಸಿಬ್ಬಂದಿಯೇ ಹೆಣಗಬೇಕು. ನಿಜವಾದ ಹುಳುವನ್ನು ದೂರವಿಡಲು ಒಂದು ಸೋಪು, ಒಂದು ತಂಬಿಗೆ ನೀರು ಬಹುಮಟ್ಟಿಗೆ ಸಾಕು ಎಂದು ಮಕ್ಕಳಿಗೆ ಹೇಳಿ.